ಅತ್ತೆಗೂ ನನಗೂ ಬಾರದಿದ್ದ ಅಮ್ಮ

ದೀಪಾವಳಿ ಮುಗಿದ ಮೇಲೆ ಅತ್ತೆಯ ಕುತ್ತಿಗೆಯ ಬಲಗಡೆ ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. ತಲೆ ಬಾಚಿಕೊಳ್ಳುವಾಗ ಕೈಗೆ ಸಿಗುತ್ತಿತ್ತು, ಅಷ್ಟೆ. "ಗಜ್ಜುಗದಷ್ಟ ಐತಿ, ತಾನ ಕರಗತೈತಿ ಬಿಡ" ಎಂದು ಅವರು ಸೆರಗು ಮುಚ್ಚಿಕೊಂಡು ತಿರುಗಾಡಿದರು. ಅದು ಕರಗಲಿಲ್ಲ, ಕಂಕುಳಲ್ಲಿ ಇನ್ನೊಂದು ಎದ್ದಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆಸಿ ಪರೀಕ್ಷೆ ಮಾಡಿಸಿದ ವೈದ್ಯೆ ನಮ್ಮನ್ನು ಎದುರಿಗೆ ಕೂರಿಸಿಕೊಂಡು, ಇದೊಂದು ಬಗೆಯ ಕ್ಯಾನ್ಸರ್, ಆದರೆ ಔಷಧಿಗೆ ಬಗ್ಗುವ ಜಾತಿಯದು ಎಂದರು. ಅತ್ತೆ ಆ ಎರಡು ಮಾತುಗಳಲ್ಲಿ ಮೊದಲನೆಯದನ್ನು ಅಲ್ಲೇ ಬಿಟ್ಟು ಎರಡನೆಯದನ್ನು ಮಾತ್ರ ದಾಂಡೇಲಿಗೆ ತಂದರು. ನೋಡಲು ಬಂದವರಿಗೆಲ್ಲ, "ಬಗ್ಗತೈತಂತ, ಡಾಕ್ಟರಬಾಯಿ ಹೇಳ್ಯಾರ" ಎನ್ನುತ್ತಿದ್ದರು.

ದಾಂಡೇಲಿಯಲ್ಲಿ ನಮ್ಮ ಮನೆ ಬಂಗೂರನಗರದ ಅಂಚಿನಲ್ಲಿದೆ. ನನ್ನ ಗಂಡನಿಗೆ ಕಾಗದದ ಗಿರಣಿಯಲ್ಲಿ ಪಾಳಿಯ ಕೆಲಸ. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮಗೆ ಮಕ್ಕಳಿಲ್ಲ. ಆ ಕೊರತೆಯನ್ನು ಅತ್ತೆ ಒಂದು ದಿನವೂ ನನ್ನೆದುರು ಎತ್ತಿದವರಲ್ಲ. ಅದಕ್ಕೆ ಅವರ ದೊಡ್ಡ ಮನಸ್ಸು ಒಂದು ಕಾರಣವಾದರೆ, ಪಕ್ಕದ ಮನೆಯ ಕೂಸು ಇನ್ನೊಂದು ಕಾರಣ. ಪಕ್ಕದವರು ಮುಸಲ್ಮಾನರು, ಯಜಮಾನನದು ಹಳಿಯಾಳ ರಸ್ತೆಯಲ್ಲೊಂದು ಗ್ಯಾರೇಜು. ಅವರ ಮಗಳಿಗೆ ಆಗ ಐದು ತುಂಬಿರಲಿಲ್ಲ. ಎರಡು ಮನೆಗಳ ನಡುವಿನ ಗೋಡೆ ಮೋಟು. ಸಂಜೆಯಾದರೆ ಅದನ್ನು ಹತ್ತಿ ಇಳಿದು, "ದಾದೀ" ಎನ್ನುತ್ತ ಬಂದು ಅತ್ತೆಯ ತೊಡೆ ಏರುತ್ತಿದ್ದಳು. ಅಲ್ಲಿ ಕೂತೇ ನನ್ನಿಂದ ಅ ಆ ಬರೆಸಿಕೊಳ್ಳುವುದು, ಅಲ್ಲೇ ತೂಕಡಿಸುವುದು.

ಔಷಧಿ ಶುರುವಾದ ಮೇಲೆ ಅತ್ತೆಯ ಕೂದಲು ಉದುರಿತು. ಬೋಳು ತಲೆಯನ್ನು ಯಾರಿಗೂ ತೋರಿಸಲೊಲ್ಲದೆ ಒಳಗೇ ಕೂತಿದ್ದಾಗ, ಆ ಕೂಸಿನ ತಾಯಿ ತನ್ನದೊಂದು ಮೆತ್ತನೆಯ ಹತ್ತಿಯ ಓಢಣಿ ತಂದು, ಹಣೆಯ ಮೇಲಿಂದ ಸುತ್ತಿ ಹಿಂದೆ ಗಂಟು ಹಾಕುವುದನ್ನು ಕಲಿಸಿದಳು. ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು, "ಇನ್ನ ನಾನೂ ನಿಮ್ಮ ಓಣ್ಯಾಗಿನಾಕಿ ಆದ್ನಲ್ಲವಾ" ಎಂದು ನಕ್ಕರು. ಮೇಲೆ ವಿಭೂತಿ ಹಚ್ಚಿಕೊಳ್ಳಲು ಹಣೆಯಲ್ಲಿ ಸ್ವಲ್ಪ ಜಾಗ ಬಿಡಬೇಕೆಂದು ಕೇಳಿದರು. ಆಕೆ ಬಿಚ್ಚಿ ಮತ್ತೆ ಕಟ್ಟಿದಳು.

ವೈದ್ಯೆ ಬಹಳ ಎಚ್ಚರಿಕೆ ಹೇಳಿದ್ದರು. ಗಂಟುಗಳನ್ನು ಕರಗಿಸುವ ಔಷಧಿಯೇ ಮೈಯ ಕಾವಲನ್ನೂ ಕರಗಿಸುತ್ತದೆ, ಬೇರೆಯವರಿಗೆ ಕೆಮ್ಮು ಜ್ವರವಾಗಿ ಹೋಗುವಂಥದ್ದು ಇವರ ಜೀವಕ್ಕೆ ಬರಬಹುದು, ಮಂದಿಯೊಳಗೆ ಬೆರೆಯಬಾರದು. ಅತ್ತೆ ಎಲ್ಲಕ್ಕೂ ಒಪ್ಪಿದರು. ಮದುವೆ ಬಿಟ್ಟರು, ಸಂತೆ ಬಿಟ್ಟರು, ಗುಡಿಗೆ ಹೋಗುವುದನ್ನೂ ಬಿಟ್ಟು ಕೈಯಲ್ಲಿನ ಲಿಂಗಕ್ಕೇ ಪೂಜೆ ಮುಗಿಸಿದರು. ಕೂಸನ್ನು ಮಾತ್ರ ಬಿಡಲಿಲ್ಲ. ನಾನು ಎಚ್ಚರಿಸಿದಾಗ, "ಆಕಿ ಮಂದಿ ಅಲ್ಲ" ಎಂದು ಬಾಯಿ ಮುಚ್ಚಿಸಿದರು. ನಾನೂ ಮತ್ತೆ ತಡೆಯಲಿಲ್ಲ. ಆ ತೊಡೆಯ ಮೇಲೆ ಆ ಕೂಸು ಇರುವಾಗ ಅವರು ರೋಗಿಯಂತೆ ಕಾಣುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಹೊತ್ತು. ಒಂದು ಸಂಜೆ ಕೂಸಿನ ತಾಯಿ ನಮ್ಮ ಗೇಟಿನ ಹೊರಗೆ ಬಂದು ನಿಂತಳು. ಯಾವಾಗಲೂ ಸೀದಾ ಅಡುಗೆಮನೆಗೆ ಬರುವವಳು ಅಂದು ಗೇಟಿಗೆ ಕೈಯನ್ನೂ ಹಚ್ಚಲಿಲ್ಲ. ನಾನು ಮೆಟ್ಟಿಲಿಳಿದು ಹೊರಟರೆ ಕೈ ಅಡ್ಡ ಮಾಡಿದಳು.

"ಟೀಚರ್, ಅಲ್ಲೇ ನಿಂದರ್ರಿ. ಮುಂದ ಬರಬ್ಯಾಡ್ರಿ."

"ಯಾಕ? ಏನಾತು?"

"ಕೂಸಿಗೆ ಅಮ್ಮ ಎದ್ದಾರ್ರಿ." ಅಷ್ಟು ಹೇಳುವುದರಲ್ಲಿ ಅವಳು ಅತ್ತುಬಿಟ್ಟಳು. "ಮೊದಲ ನಾಕು ಗುಳ್ಳಿ ಇದ್ವು, ಸೊಳ್ಳಿ ಕಡದಾವು ಅಂತ ಮಾಡಿದ್ದೆ. ಇವತ್ತ ನೋಡಿದ್ರ ಬೆನ್ನ ತುಂಬ ನೀರ್‌ಗುಳ್ಳಿ. ನಿನ್ನಿತನಾ ಅವ್ವಾರ ತೊಡಿ ಮ್ಯಾಲೇ ಇದ್ಲಲ್ರಿ... ನಾ ಏನ್ ಮಾಡ್ಲಿ?"

ನೀರು ಸಿಡುಬಿಗೆ ನಮ್ಮಲ್ಲಿ ಅಮ್ಮ ಎನ್ನುವುದೇ ರೂಢಿ. ಹೆಸರು ಹಿಡಿದು ಕರೆದರೆ ತಾಯಿ ಮುನಿಯುತ್ತಾಳೆಂಬ ಅಂಜಿಕೆ. ಆರೋಗ್ಯವಂತ ಮಕ್ಕಳಿಗೆ ಅದು ಬಂದು ಹೋಗುವ ನೆಂಟಸ್ತಿಕೆ. ಬೇವಿನ ಸೊಪ್ಪು, ಮೊಸರನ್ನ, ಒಂದಷ್ಟು ದಿನ ಶಾಲೆ ಇಲ್ಲ. ಆದರೆ ಅತ್ತೆಗೆ ಅದು ಬರಲೇಬಾರದೆಂದು ವೈದ್ಯೆ ಮೊದಲೇ ಹೇಳಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು:

"ಆಕಿನ್ನ ಯಾಕ ಅಳಿಸ್ತೀ? ಕೂಸಿಗೆ ಹೆಂಗೈತಿ ಕೇಳು. ಉಗುರು ತಗದಾಳೇನು ಕೇಳು, ಇಲ್ಲಾಂದ್ರ ಕೆರಕೊಂಡು ಗಾಯ ಮಾಡಿಕೋತೈತಿ."

ನಾನು ಹುಬ್ಬಳ್ಳಿಗೆ ಫೋನು ಮಾಡಿದೆ. ವೈದ್ಯೆ ನಿಧಾನವಾಗಿ, ಒಂದೊಂದಾಗಿ ಕೇಳಿದರು. ಕೂಸು ಎಷ್ಟು ಹತ್ತಿರ ಇತ್ತು, ಗುಳ್ಳೆ ಏಳುವ ಮೊದಲಿನ ದಿನಗಳಲ್ಲೂ ಬಂದಿತ್ತೇ. ಆಮೇಲೆ, "ನಿಮ್ಮ ಅತ್ತಿಯವರಿಗೆ ಸಣ್ಣವರಿದ್ದಾಗ ಚಿಕನ್‌ಪಾಕ್ಸ್ ಬಂದು ಹೋಗಿತ್ತೇನು? ಒಮ್ಮೆ ಬಂದಿದ್ರ ಮೈಯಾಗ ಅದರ ಕಾವಲು ಉಳದಿರತೈತಿ" ಎಂದರು.

ಫೋನು ಕಿವಿಗಿಟ್ಟುಕೊಂಡೇ ಅತ್ತೆಯನ್ನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಬಂದಿತ್ತಲ್ಲ! ಸಾಂಬ್ರಾಣಿ ಊರಾಗ, ತವರಮನಿ ಪಡಸಾಲ್ಯಾಗ ಬೇವಿನ ತೊಪ್ಪಲಾ ಹಾಸಿ ಮಲಗಿಸಿದ್ರು. ತೊಪ್ಪಲಾ ಚುಚ್ಚತಿತ್ತು. ನಮ್ಮವ್ವ ಎಳನೀರು ಕುಡಿಸತಿದ್ಲು. ಎಲ್ಲಾ ಕಣ್ಮುಂದ ಐತಿ."

ಎದೆಯ ಭಾರ ಇಳಿಯಿತು. ಆದರೂ ಒಂದು ಮಾತು ಇರಲೆಂದು ಸಾಂಬ್ರಾಣಿಯಲ್ಲಿರುವ ಅವರ ಅಕ್ಕನಿಗೆ ಫೋನು ಹಚ್ಚಿದೆ. ನಾವು ದೊಡ್ಡವ್ವ ಎನ್ನುವ ಆ ಹಿರಿಯಾಕೆ ಎಂಬತ್ತರ ಹತ್ತಿರದವರು. ಕಿವಿ ಸ್ವಲ್ಪ ಮಂದ, ದನಿ ಮಾತ್ರ ಗಟ್ಟಿ. ಸ್ಪೀಕರಿಗೆ ಹಾಕಿದ್ದರಿಂದ ಮನೆಯೆಲ್ಲ ಕೇಳಿಸಿತು.

"ಆಕೀಗೆ ಎಲ್ಲಿ ಬಂದಿತ್ತವಾ? ಬಂದಿದ್ದು ನನಗ! ಮುಖದ ಮ್ಯಾಲಿನ ತೂತು ನನಗ ಅದಾವೋ ಆಕೀಗೆ ಅದಾವೋ?"

"ನನಗೂ ತೊಪ್ಪಲಾ ಹಾಸಿದ್ರಲ್ಲ!" ಎಂದು ಅತ್ತೆ ಮಂಚದ ಮೇಲಿಂದ ಕೂಗಿದರು.

"ನಿನಗ ಯಾರೂ ಹಾಸಲಿಲ್ಲ. ನನಗ ಎಳನೀರು ಕೊಡ್ತಾರಂತ ಹೊಟ್ಟಿಕಿಚ್ಚಿಗೆ ಬಂದು ನನ್ನ ಮಗ್ಗಲದಾಗ ಬಿದ್ದಿ. ಅವ್ವ ಎಬ್ಬಿಸಿ ಎಬ್ಬಿಸಿ ಸೋತು ನಿನಗೂ ಒಂದ್ ಗುಟುಕು ಕೊಟ್ಟಳು."

"ಹಂಗಾರ ನಿನ್ನ ಮಗ್ಗಲದಾಗ ಮಲಗಿದ್ಮ್ಯಾಲ ನನಗೂ ಬಂದಿರಬೇಕಲ್ಲ?"

ಆ ಕಡೆ ದೊಡ್ಡವ್ವನ ದನಿ ಇಳಿಯಿತು. "ಅದು ನೆನಪಿಲ್ಲವಾ. ನನಗ ಮೈಮ್ಯಾಲ ಖಬರ ಇರಲಿಲ್ಲ" ಎಂದರು.

ಹೇಳಬಲ್ಲವರು ಆ ಇಬ್ಬರೇ. ಅವರ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅತ್ತೆ ಇಷ್ಟು ವರ್ಷ ತನ್ನದೆಂದು ಕಾಪಾಡಿಕೊಂಡು ಬಂದ ನೆನಪು ಅಕ್ಕನದೋ ತನ್ನದೋ ಎಂದು ಯಾರು ತೀರ್ಮಾನ ಕೊಡಬೇಕು? ವೈದ್ಯೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಕ್ಕು, "ನಾಳೆ ಮುಂಜಾನೆ ಕರಕೊಂಡು ಬರ್ರಿ. ರಕ್ತಾನ ಕೇಳೂಣು" ಎಂದರು.

ಬೆಳಿಗ್ಗೆ ಗಂಡನಿಗೆ ಪಾಳಿ ಬದಲಿಸಿಕೊಳ್ಳಲು ಆಗಲಿಲ್ಲ. ಬಾಡಿಗೆ ಗಾಡಿ ಹುಡುಕೋಣ ಎನ್ನುವಷ್ಟರಲ್ಲಿ ಪಕ್ಕದ ಮನೆಯಾತ ತನ್ನ ವ್ಯಾನನ್ನು ತೊಳೆದು, ಸೀಟು ಒರೆಸಿ, ಕಿಟಕಿಗಳನ್ನೆಲ್ಲ ತೆರೆದು ಬಾಗಿಲಿಗೆ ತಂದು ನಿಲ್ಲಿಸಿದ್ದ. ನಾನು ಹಿಂದೆಮುಂದೆ ನೋಡಿದ್ದು ಆತನಿಗೆ ತಿಳಿಯಿತು.

"ನಾನು ರಾತ್ರೇನ ನಿಮ್ಮ ಡಾಕ್ಟರಬಾಯೀನ ಕೇಳಾಕ ನಿಮ್ಮ ಸಾಹೇಬ್ರಿಗೆ ಹೇಳಿದ್ದೆ ಟೀಚರ್. ಬಂದು ಹೋದವರು ಬರಬಹುದಂತ. ನೋಡ್ರಿ," ಎಂದು ಮೂಗಿನ ಮೇಲಿದ್ದ ಹಳೆಯ ಕಲೆಯನ್ನು ತೋರಿಸಿದ. "ಸಾಲ್ಯಾಗ ಒಂಬತ್ತನೇತ್ತಾ ಇದ್ದಾಗ ಅಮ್ಮ ಬಂದು ಸಹಿ ಹಾಕಿ ಹೋಗ್ಯಾರ."

ಹಳಿಯಾಳ ದಾಟುವವರೆಗೆ ಆತ ಬಾಯಿ ಬಿಡಲಿಲ್ಲ. ಯಾವಾಗಲೂ ದಾರಿಯಲ್ಲಿ ಎದುರಾಗುವ ಪ್ರತಿ ಲಾರಿಯ ಜಾತಕ ಹೇಳುವವನು. ಕೊನೆಗೆ ಅತ್ತೆಯೇ ಮಾಸ್ಕಿನೊಳಗಿಂದ ಕೇಳಿದರು:

"ತಮ್ಮಾ, ಕೂಸು ನಿದ್ದಿ ಮಾಡಿತೇನು?"

"ಇಲ್ರಿ ಅವ್ವಾರ. ದಾದೀ ಕಡೆ ಹೋಗ್ತೇನಿ ಅಂತ ಒಂದ ಸವನ ಅಳ್ತಿತ್ತು." ಆತ ಕನ್ನಡಿಯಲ್ಲೂ ಹಿಂದಕ್ಕೆ ನೋಡಲಿಲ್ಲ. "ನಿಮ್ಮ ಮನೀಗೆ ಕಳಸಬಾರದಿತ್ರಿ. ತಪ್ಪಾತು."

"ನೀ ಕಳಸದಿದ್ರ ನಾ ಗ್ವಾಡಿ ಜಿಗದು ಬಂದು ಎತಗೊಂಡು ಬರತಿದ್ದೆ. ಸುಮ್ನ ಗಾಡಿ ಹೊಡಿ."

ಆಸ್ಪತ್ರೆಯಲ್ಲಿ ನಮ್ಮನ್ನು ಮುಂಬಾಗಿಲಿನಿಂದ ಬಿಡಲಿಲ್ಲ. ಒಳಗೆ ಅತ್ತೆಯಂಥವರೇ ಸಾಲಾಗಿ ಕೂತಿರುತ್ತಾರೆ. ಅವರಿಗೆ ತಾಗಬಾರದೆಂದು ಹಿಂದಿನ ಬಾಗಿಲಿನಿಂದ ಒಂದು ಪ್ರತ್ಯೇಕ ಕೋಣೆಗೆ ಕರೆದೊಯ್ದರು. ನರ್ಸಮ್ಮ ಅತ್ತೆಯ ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಉದ್ದನೆಯ ಪ್ಲಾಸ್ಟಿಕ್ ಕಾರ್ಡಿನ ಗುಳಿಗೆ ಬಿಟ್ಟು, ಮೇಲೆ ಎರಡು ಹನಿ ದ್ರವ ಹಾಕಿದಳು. ಕೊರೋನಾ ವರ್ಷಗಳಲ್ಲಿ ಇಂಥ ಕಾರ್ಡುಗಳನ್ನು ಬೇಕಾದಷ್ಟು ನೋಡಿದ್ದೆವು. ಆದರೆ ಅವು ರೋಗವನ್ನು ಹುಡುಕುವಂಥವು. ಇದು ಹುಡುಕುವುದು ಹಿಂದೆಂದೋ ಬಂದುಹೋದ ರೋಗದ ವಿರುದ್ಧ ಮೈ ಕಟ್ಟಿಕೊಂಡ ಕಾವಲನ್ನು.

"ಮೊದಲೆಲ್ಲ ರಕ್ತ ದೊಡ್ಡ ಲ್ಯಾಬಿಗೆ ಕಳಿಸಿ ಕಾಯ್ಕೋತ ಕೂಡಬೇಕಿತ್ತು" ಎಂದು ವೈದ್ಯೆ ವಿವರಿಸಿದರು. "ಈಗೂ ಕಳಿಸ್ತೇವಿ, ಈ ಕಾರ್ಡ ಒಂದ ಕೊನೀ ಮಾತಲ್ಲ. ಆದ್ರ ಕೊಡೋ ಔಷಧ ಜಲ್ದೀ ಕೊಟ್ಟಷ್ಟೂ ಛಲೋ. ಅದಕ್ಕ ಮೊದಲ ಇದು. ಮ್ಯಾಲಿನ ಗೆರಿ ಎಲ್ಲಾರಿಗೂ ಬರತೈತಿ, ಕಾರ್ಡ ಸರಿ ಐತಿ ಅನ್ನಾಕ. ಕೆಳಗಿನ ಗೆರಿ ಬಂದ್ರ ಕಾವಲು ಐತಿ ಅಂತ."

ಮೂವರೂ ಕಾರ್ಡಿನ ಮೇಲೆ ಬಾಗಿದೆವು. ತಿಳಿಗೆಂಪು ನೀರು ಮೆಲ್ಲಗೆ ಏರಿತು. ಮೇಲಿನ ಗೆರೆ ಮೂಡಿ ಗಟ್ಟಿಯಾಯಿತು. ಕೆಳಗೆ ಬಿಳುಪೇ ಉಳಿಯಿತು. ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೊತ್ತು ತುಂಬಿದ ಮೇಲೆ ವೈದ್ಯೆ ಕಾರ್ಡನ್ನು ಬೆಳಕಿಗೆ ಹಿಡಿದು, ಇಲ್ಲ ಎಂದು ತಲೆಯಾಡಿಸಿದರು.

"ಹಂಗಾರ ಅಕ್ಕ ಹೇಳಿದ್ದ ಖರೆ" ಎಂದರು ಅತ್ತೆ, ಸೋತ ದನಿಯಲ್ಲಿ. ತಮ್ಮ ಜೀವದ ಗಂಡಾಂತರಕ್ಕಿಂತ ಅದೇ ಅವರಿಗೆ ದೊಡ್ಡದಾಗಿ ಕಂಡಿತ್ತು.

"ಹಂಗಂತ ಹೇಳಾಕ ಬರೂದಿಲ್ರಿ" ಎಂದು ವೈದ್ಯೆ ಸಮಾಧಾನ ಮಾಡಿದರು. "ನಿಮಗ ಬಂದೂ ಇರಬಹುದು. ನಾವು ಕೊಟ್ಟ ಔಷಧ ಆ ಕಾವಲನ್ನ ತೊಳದು ಹಾಕಿರಬಹುದು. ಈಗ ಇಲ್ಲ ಅನ್ನೂದಷ್ಟ ಗೊತ್ತು."

ಅತ್ತೆಯ ಮುಖ ಅರಳಿತು. "ಅಕ್ಕಗ ಹಿಂಗ ಹೇಳಬೇಕು ನೋಡು" ಎಂದು ನನ್ನ ಕೈ ತಟ್ಟಿದರು.

ಆಗ ವೈದ್ಯೆ ನನ್ನತ್ತ ತಿರುಗಿದರು. "ಮನ್ಯಾಗ ಇವರನ್ನ ನೋಡಿಕೊಳ್ಳೋರು ನೀವಲ್ಲ? ನಿಮಗ ಬಂದಿತ್ತೇನು?"

"ಬಂದಿತ್ರಿ. ನಮ್ಮವ್ವ ಯಾವಾಗಲೂ ಹೇಳ್ತಾಳ."

"ಎಲ್ಲಾರ ಅವ್ವಂದಿರೂ ಹೇಳ್ತಾರ. ಬೆರಳು ಕೊಡ್ರಿ."

ನನ್ನ ಹನಿಯೂ ಇನ್ನೊಂದು ಕಾರ್ಡಿನಲ್ಲಿ ಬಿತ್ತು. ನಾನು ಅಷ್ಟು ಗಮನ ಕೊಡಲಿಲ್ಲ. ಅತ್ತೆಗೆ ಕೊಡುವ ಔಷಧಿ ಯಾವುದು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳುತ್ತಿದ್ದೆ. ನರ್ಸಮ್ಮ ಎರಡು ಕಾರ್ಡುಗಳನ್ನೂ ಪಕ್ಕಪಕ್ಕ ಇಟ್ಟಾಗ ನೋಡಿದೆ. ಯಾವುದು ಅತ್ತೆಯದು, ಯಾವುದು ನನ್ನದು ಎಂದು ಹೇಳಲಾಗದಂತೆ ಎರಡೂ ಒಂದೇ ತರಹ ಇದ್ದವು.

ಕೂಸು ದಿನವೂ ನನ್ನ ಕೈಹಿಡಿದು ಅಕ್ಷರ ತಿದ್ದಿತ್ತು. ಗುಳ್ಳೆ ಎದ್ದ ಮೇಲೂ, ಯಾರಿಗೂ ತಿಳಿಯುವ ಮೊದಲು, ನನ್ನ ಹೆಗಲ ಮೇಲೆ ನಿದ್ದೆ ಮಾಡಿತ್ತು. ನನಗೆ ತಾಗಿದ್ದರೆ ಇನ್ನು ಕೆಲವು ದಿನಗಳಲ್ಲಿ, ಮೈಮೇಲೆ ಏನೂ ಕಾಣುವ ಮೊದಲೇ, ನಾನೇ ಅದನ್ನು ಅತ್ತೆಗೆ ದಾಟಿಸುತ್ತಿದ್ದೆ. ಗುಳಿಗೆ ನುಂಗಿಸುವ ಕೈ, ಹಣೆ ಮುಟ್ಟಿ ಜ್ವರ ನೋಡುವ ಕೈ ನನ್ನದೇ. ನನಗೆ ಕೊಡಬಹುದಾಗಿದ್ದ ಲಸಿಕೆಯ ಹೊತ್ತೂ ಹೆಚ್ಚುಕಡಿಮೆ ಮೀರಿದೆ ಎಂದು ವೈದ್ಯೆ ಹೇಳಿದರು. ಆಮೇಲೆ, "ನೀವು ಮೂರು ವಾರ ಅವರಿಂದ ದೂರ ಇರಬೇಕು. ಮುಂದಿನ ಕೋಣ್ಯಾಗಲ್ಲ, ಬ್ಯಾರೆ ಮನ್ಯಾಗ. ಎಲ್ಲಾರಿಗೂ ಬಂದು ಹೋದಂಥ ಮನಿ ಇದ್ರ ಅಲ್ಲಿ" ಎಂದರು.

ಕಾಯುವವಳು ನಾನು ಎಂದುಕೊಂಡಿದ್ದೆ. ಕಾಯಬೇಕಾದದ್ದು ನನ್ನಿಂದಲೇ ಎಂದಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತೆ.

ಮಧ್ಯಾಹ್ನವೆಲ್ಲ ಅತ್ತೆಗೆ ಸಲೈನಿನಂತೆ ಒಂದು ಔಷಧಿ ಹನಿ ಹನಿಯಾಗಿ ಇಳಿಯಿತು. ಅದು ಬೇರೆಯವರ ರಕ್ತದಿಂದ ಬೇರ್ಪಡಿಸಿದ ಕಾವಲು, ಸ್ವಂತದ್ದು ಇಲ್ಲದವರಿಗೆ ಕೆಲವು ವಾರಗಳ ಮಟ್ಟಿಗೆ ಕೊಡುವ ಕೈಗಡ ಎಂದು ವೈದ್ಯೆ ಹೇಳಿದಾಗ ಅತ್ತೆ ಬಾಟಲಿಯನ್ನೇ ದಿಟ್ಟಿಸಿದರು.

"ಯಾರ ರಕ್ತರೀ ಅದು?"

"ಒಬ್ಬರದಲ್ರಿ. ಭಾಳ ಮಂದೀದು ಕೂಡಿಸಿ ಮಾಡಿರ್ತಾರ. ಯಾರ್‍ಯಾರು ಅಂತ ನಮಗೂ ಗೊತ್ತಿರೂದಿಲ್ಲ."

ಮಾಂಸ ಬೇಯಿಸಿದ ಪಾತ್ರೆಯನ್ನು ಮುಟ್ಟದ ಹೆಂಗಸು ಅವರು. ಏನನ್ನುತ್ತಾರೋ ಎಂದು ನಾನು ಅಂಜಿದ್ದೆ. ಅವರು ಸೂಜಿ ಇಲ್ಲದ ಕೈಯನ್ನು ಎದೆಗಿಟ್ಟುಕೊಂಡು, "ಯಾವ ತಾಯಿ ಮಕ್ಕಳೋ ಏನೋ. ಅವರ ಹೊಟ್ಟಿ ತಣ್ಣಗಿರಲಿ" ಎಂದು ಕಣ್ಣು ಮುಚ್ಚಿದರು.

ನನ್ನ ಬದಲಿಗೆ ಯಾರು ಎಂಬ ಪ್ರಶ್ನೆಗೆ ಉತ್ತರ ಸಾಂಬ್ರಾಣಿಯಿಂದ ತಾನಾಗಿ ಬಂತು. ದೊಡ್ಡವ್ವನ ಮುಖದ ಗುಳಿಗಳೇ ಅವರ ರಹದಾರಿ. ಮೊಮ್ಮಗನ ಗಾಡಿಯಲ್ಲಿ ಒಂದು ಚೀಲ ಅಕ್ಕಿ, ಒಂದು ಡಬ್ಬಿ ಶೇಂಗಾ ಚಟ್ನಿ, ತಮ್ಮದೇ ಒಂದು ದಿಂಬು ಹೇರಿಕೊಂಡು ಮರುದಿನವೇ ಬಂದಿಳಿದರು. ಬಂದವರೇ ತಂಗಿಯ ಮಂಚದ ಬಳಿ ನಿಂತು, "ನನ್ನ ಅಮ್ಮನ್ನ ಕದಿಯಾಕ ಹೋಗಿದ್ದಿ, ಸಿಕ್ಕಳೇನು?" ಎಂದು ಕೇಳಿದರು. ಗಂಡನಿಗೂ ಚಿಂತೆಯಿರಲಿಲ್ಲ, ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಅವರಿಗೆ ಬಂದು ಹೋದದ್ದು ಅವರ ಗೆಳೆಯರಿಗೆಲ್ಲ ಗೊತ್ತು, ಬೆನ್ನ ಮೇಲೆ ಗುರುತೂ ಇತ್ತು.

ನಾನು ಮುಂಡಗೋಡಿನ ತವರಿಗೆ ಹೊರಟೆ. ಬ್ಯಾಗಿಗೆ ಬಟ್ಟೆ ತುಂಬುತ್ತ ಅತ್ತೆಯ ಗುಳಿಗೆಗಳ ಸಮಯವನ್ನು ದೊಡ್ಡವ್ವನಿಗೆ ಮತ್ತೆ ಮತ್ತೆ ಹೇಳುತ್ತಿದ್ದಾಗ ಅಳು ಬಂದುಬಿಟ್ಟಿತು. ಅತ್ತೆ ಬಾಗಿಲಾಚೆಯಿಂದಲೇ ನೋಡಿದರು.

"ಗಂಡನ ಮನೀಗೆ ಹೋಗಾಕ ಅಳೋರನ್ನ ನೋಡಿದ್ದೆ. ತವರಮನೀಗೆ ಹೋಗಾಕ ಅಳಾಕಿನ್ನ ಇವತ್ತ ನೋಡಿದೆ" ಎಂದರು. ಹೇಳಿ ತಾವೂ ಕಣ್ಣೊರೆಸಿಕೊಂಡರು.

ಮುಂಡಗೋಡಿನಲ್ಲಿ ನನ್ನ ಅವ್ವ ಸಿಟ್ಟಿನಲ್ಲಿದ್ದಳು. ಹೆತ್ತ ತಾಯಿ ಬಂದಿತ್ತು ಎಂದ ಮೇಲೆ ಬಂದಿಲ್ಲ ಎನ್ನಲು ಆ ಕಾರ್ಡು ಯಾರು? "ಮೈ ತುಂಬ ಕೆಂಪಗ ಎದ್ದಿತ್ತು, ಕಣ್ಣು ತಗೀತಿದ್ದಿಲ್ಲ ನೀನು" ಎಂದು ನನಗೆ ಹೇಳಿದ್ದನ್ನೇ ಮನೆಯ ಕೆಳಗೆ ಅಣ್ಣನ ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿದಳು. ಅಲ್ಲಿ ಉಳಿದವರಿಗೆಲ್ಲ ಬಂದು ಹೋಗಿತ್ತು. ಮೇಲಿನ ಕೋಣೆಯಲ್ಲಿ ನನ್ನನ್ನು ಇರಿಸಿದರು.

ಸಂಜೆಗೊಮ್ಮೆ ಅತ್ತೆಯ ಫೋನು. ದೊಡ್ಡವ್ವನ ಮೇಲೆ ದೂರು ಹೇಳುವುದೇ ಅದರ ಕೆಲಸ. "ಸಾರಿಗೆ ಉಪ್ಪು ಹಾಕೂದಿಲ್ಲ ಈಕಿ, ಕೇಳಿದ್ರ ಡಾಕ್ಟರ್ ಹೇಳ್ಯಾರಂತಾಳ. ಯಾವ ಡಾಕ್ಟರೂ ಹೇಳಿಲ್ಲ." ಹಿಂದಿನಿಂದ ದೊಡ್ಡವ್ವ, "ಚಾಡಿ ಹೇಳೂದು ಮುಗಿತೇನು?" ಎನ್ನುವುದು ಕೇಳುತ್ತಿತ್ತು. ನಗುತ್ತಿದ್ದೆ, ಆದರೆ ಪ್ರತಿ ಸಲ ಮೊದಲು ಕೇಳುತ್ತಿದ್ದದ್ದು ಒಂದೇ: ಜ್ವರ ಇದೆಯೇ, ಮೈಮೇಲೆ ಏನಾದರೂ ಎದ್ದಿದೆಯೇ. ಒಂದು ಬೆಳಿಗ್ಗೆ ಅವರ ತೋಳಿನ ಮೇಲೆ ಕೆಂಪು ಗುಳ್ಳೆಯೊಂದು ಕಂಡು ಮನೆಯೆಲ್ಲ ತಲ್ಲಣಿಸಿತಂತೆ. ಗಂಡ ಅದರ ಚಿತ್ರ ತೆಗೆದು ವೈದ್ಯೆಗೆ ಕಳಿಸಿದರು. ಸಂಜೆಗೆ ಅದು ಇಳಿದೇ ಹೋಯಿತು. ನಿಜಕ್ಕೂ ಸೊಳ್ಳೆ.

ಎದ್ದದ್ದು ನನಗೆ. ದಾಂಡೇಲಿ ಬಿಟ್ಟ ಎರಡನೆಯ ವಾರದಲ್ಲಿ ಮೈ ಕೈ ನೋವು, ಚಳಿ ಜ್ವರ; ಆಮೇಲೆ ಹೊಟ್ಟೆಯ ಮೇಲೆ ಒಂದು ನೀರ್ಗುಳ್ಳೆ, ಸಂಜೆಯೊಳಗೆ ಹತ್ತಾರು. ದೊಡ್ಡವರಿಗೆ ಬಂದರೆ ಅದು ನೆಂಟಸ್ತಿಕೆಯಲ್ಲ. ಗಂಟಲೊಳಗೆಲ್ಲ ಗುಳ್ಳೆಯೆದ್ದು ನೀರು ಇಳಿಯುತ್ತಿರಲಿಲ್ಲ. ಆದರೂ ಮೊದಲ ಗುಳ್ಳೆ ಕಂಡ ಕ್ಷಣ ನಾನು ಯೋಚಿಸಿದ್ದು ನನ್ನ ಬಗ್ಗೆ ಅಲ್ಲ. ಅತ್ತೆಯನ್ನು ಕೊನೆಯ ಸಲ ಯಾವಾಗ ಮುಟ್ಟಿದೆ ಎಂದು ಲೆಕ್ಕ ಹಾಕುತ್ತ ವೈದ್ಯೆಗೆ ಫೋನು ಮಾಡಿದೆ. ಅವರು ಕೇಳಿಕೊಂಡು, "ಹೊತ್ತಿಗೆ ಸರಿಯಾಗಿ ಮನಿ ಬಿಟ್ಟಿದ್ರಿ. ನಿಮ್ಮಿಂದ ಅವರಿಗೆ ಹೋಗಿಲ್ಲ. ಇನ್ನ ನಿಮ್ಮ ಕಡೆ ಲಕ್ಷ್ಯ ಕೊಡ್ರಿ" ಎಂದು ಮುಂಡಗೋಡಿನ ವೈದ್ಯರಿಗೆ ಹೇಳಿ ನನಗೂ ಗುಳಿಗೆ ಶುರು ಮಾಡಿಸಿದರು. ಫೋನಿಟ್ಟು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಸಂಕಟಕ್ಕಲ್ಲ, ನಿರಾಳಕ್ಕೆ.

ಅವ್ವ ಬೇವಿನ ಸೊಪ್ಪು ಹಾಸಿದಳು. ಅದು ಚುಚ್ಚುವುದು ನಿಜ. ನಲವತ್ತು ದಾಟಿದ ಮಗಳ ಬೆನ್ನಿಗೆ ಬೇವಿನ ಟೊಂಗೆಯಿಂದ ಮೆಲ್ಲಗೆ ಸವರುತ್ತ, ಮಜ್ಜಿಗೆಯನ್ನು ಚಮಚದಿಂದ ಕುಡಿಸುತ್ತ, ಅವಳು ಹೇಳಿದಳು: "ಹಂಗಾರ ಅವಾಗ ಬಂದಿದ್ದು ದಡಾರ ಇರಬೇಕು ನೋಡು." ಅದಕ್ಕಿಂತ ಹೆಚ್ಚಿನ ಸೋಲನ್ನು ಅವಳು ಎಂದೂ ಒಪ್ಪಿಕೊಂಡವಳಲ್ಲ. ನಾನು ನಕ್ಕರೆ ತುಟಿಯ ಗುಳ್ಳೆ ಉರಿಯಿತು.

ಸುದ್ದಿ ತಿಳಿದ ದಿನ ಅತ್ತೆ ಫೋನಿನಲ್ಲಿ, "ನನಗ ಬರೂದು ನಿನಗ ಬಂತಲ್ಲವಾ" ಎಂದರು.

"ಹಂಗೇನಿಲ್ರಿ ಅತ್ತೀ. ಇದು ನಂದ."

"ಕೆರಕೋಬ್ಯಾಡ. ಮುಖದ ಮ್ಯಾಲಿಂದಂತೂ ಮುಟ್ಟಬ್ಯಾಡ. ಇಲ್ಲಾಂದ್ರ ನಮ್ಮಕ್ಕನಂಗ ಕಾಣ್ತಿ."

"ಕೇಳಸ್ತೈತಿ ನನಗ!" ಎಂದು ದೊಡ್ಡವ್ವ ಹಿಂದಿನಿಂದ ಗುಡುಗಿದರು. ಕಿವಿ ಮಂದವಾದರೂ ಇಂಥ ಮಾತು ತಪ್ಪುತ್ತಿರಲಿಲ್ಲ.

ಎರಡು ದಿನಕ್ಕೆ ಪಕ್ಕದ ಮನೆಯಾತ ಯಾವುದೋ ಗಾಡಿಯ ಬಿಡಿಭಾಗದ ನೆಪ ಮಾಡಿಕೊಂಡು ಮುಂಡಗೋಡಿಗೆ ಬಂದ. ಕೆಳಗೆ ಅಂಗಡಿಯಲ್ಲಿ ಒಂದು ಗಂಟು ಕೊಟ್ಟು ಹೋದ. ಬಿಚ್ಚಿದರೆ ತುರಿಕೆಗೆ ಹಚ್ಚುವ ಲೋಷನ್ನು, ಒಂದು ಡಬ್ಬಿ ಶಾವಿಗೆ ಪಾಯಸ, ಮತ್ತು ಒಂದು ಹೊರೆ ಬೇವಿನ ಸೊಪ್ಪು. ಮುಂಡಗೋಡಿನಲ್ಲಿ ಬೇವಿನ ಮರವೇ ಇಲ್ಲವೇನೋ ಎಂಬಂತೆ ಆತನ ಹೆಂಡತಿ ಅಷ್ಟು ದೂರದಿಂದ ಕಳಿಸಿದ್ದಳು. ಅವ್ವ ಮೊದಲು ಹುಬ್ಬೇರಿಸಿದಳು. ಆಮೇಲೆ ನಮ್ಮ ಹಿತ್ತಲಿನ ಸೊಪ್ಪನ್ನು ತೆಗೆದು ಅದನ್ನೇ ಹಾಸಿದಳು. ಸಂಜೆ ಕೂಸು ಫೋನಿನಲ್ಲಿ, ಎಲ್ಲವನ್ನೂ ದಾಟಿ ಬಂದ ಹಿರಿಯಳಂತೆ, "ಟೀಚರ್, ನಿಮಗೂ ಬಂತಾ? ಅಳಬ್ಯಾಡ್ರಿ. ಕಪ್ಪಗ ಆಗಿ ಉದರತಾವು" ಎಂದು ಧೈರ್ಯ ಹೇಳಿತು.

ಅವು ಕಪ್ಪಗಾಗಿ ಉದುರಿದವು. ಒಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೂ ವೈದ್ಯೆಯನ್ನು ಕೇಳಿ, ಅವರು ಹೂಂ ಎಂದ ನಂತರವೇ ದಾಂಡೇಲಿಯ ಬಸ್ಸು ಹತ್ತಿದೆ. ಅಷ್ಟರಲ್ಲಿ ಅತ್ತೆಗೆ ತಾಗಿದೆಯೋ ಎಂದು ಕಾಯಬೇಕಿದ್ದ ದಿನಗಳೂ ಮುಗಿಯುತ್ತ ಬಂದಿದ್ದವು. ಅವರ ಮೈಮೇಲೆ ಏನೂ ಏಳಲಿಲ್ಲ. ದೊಡ್ಡ ಲ್ಯಾಬಿನ ವರದಿಯೂ ಕಾರ್ಡು ಹೇಳಿದ್ದನ್ನೇ ಹೇಳಿತ್ತು.

ಗೇಟು ತೆರೆದಾಗ ಅಕ್ಕ ತಂಗಿ ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾಕಾಯಿ ಸುಲಿಯುತ್ತಿದ್ದರು. ಅತ್ತೆ ಕಾಳಿನ ಮೊರ ಸರಿಸಿ ಎದ್ದು, ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಹಣೆಯ ಮೇಲೆ ಒಂದು, ಕೆನ್ನೆಯ ಮೇಲೆ ಒಂದು ಗುಳಿ ಉಳಿದಿದ್ದವು. ಹೆಬ್ಬೆರಳಿನಿಂದ ಎರಡನ್ನೂ ಮುಟ್ಟಿ, ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡರು. ಸೊಸೆಯಾಗಿ ಬಂದು ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ತಬ್ಬಿದ್ದು ಅದೇ ಮೊದಲು. ನಮ್ಮಲ್ಲಿ ಅತ್ತೆ ಸೊಸೆ ತಬ್ಬಿಕೊಳ್ಳುವ ಪದ್ಧತಿ ಇಲ್ಲ.

ದೊಡ್ಡವ್ವ ಸಾಂಬ್ರಾಣಿಗೆ ಹೊರಡುವ ಮಾತನ್ನು ಮತ್ತೂ ಕೆಲವು ವಾರ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ತಡೆದಿದ್ದ ಔಷಧಿ ಮತ್ತೆ ಶುರುವಾಯಿತು. ಕೂಸಿನ ತಾಯಿ ಮಾತ್ರ ಮಗಳನ್ನು ಕಳಿಸಲು ಬಹಳ ದಿನ ಅಂಜಿದಳು. ಕೊನೆಗೆ ವೈದ್ಯೆಯ ಒಪ್ಪಿಗೆ ಪಡೆದು ಅತ್ತೆಯೇ ಮೋಟುಗೋಡೆಯ ಬಳಿ ನಿಂತು ಕರೆದರು. ಕೂಸು ಬಂತು, ಆದರೆ ಆಚೆಯೇ ನಿಂತಿತು. ತಿಂಗಳಿಗೂ ಹೆಚ್ಚು ಕಾಲ ಬೇಡ ಬೇಡ ಎಂದು ಹೇಳಿಸಿಕೊಂಡ ಮಗು. ಗೋಡೆಯನ್ನು ಮುಟ್ಟಲೂ ಹೆದರಿ ತಾಯಿಯ ಮುಖ ನೋಡುತ್ತಿತ್ತು. ಅದನ್ನು ನೋಡಲಾರದೆ ಅತ್ತೆ ಒಂದು ಕುರ್ಚಿ ತರಿಸಿ ಗೋಡೆಯ ಈಚೆ ಹಾಕಿ ಕೂತರು. ಮರುದಿನವೂ ಅಲ್ಲೇ ಕೂತರು. ಅದರ ಮರುದಿನ ಕೂಸು ಗೋಡೆ ಏರಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಔಷಧಿಯ ಕೊನೆಯ ಸುತ್ತೂ ಮುಗಿಯಿತು. ಗಂಟುಗಳು ಕರಗಿವೆ, ಇನ್ನು ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದು ವೈದ್ಯೆ ಹೇಳಿದ ದಿನ ನಾವು ಎಲ್ಲರೂ ಅದೇ ವ್ಯಾನಿನಲ್ಲಿ ಹೋಗಿದ್ದೆವು. ವಾಪಸು ಬರುವಾಗ ಹಳಿಯಾಳ ಬಂತು. ರಸ್ತೆ ಬದಿಯಲ್ಲಿ ಕಬ್ಬಿನ ಹಾಲಿನ ಗಾಣ ಗೆಜ್ಜೆ ಸದ್ದು ಮಾಡುತ್ತ ತಿರುಗುತ್ತಿತ್ತು. ಅತ್ತೆ ಗಾಡಿ ನಿಲ್ಲಿಸಲು ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತೈತಿ, ಹೊರಗಿಂದು ಇನ್ನೂ ಕುಡಿಯೂ ಹಂಗಿಲ್ಲ. ನಾ ಕುಡಿಯೂದಿಲ್ಲ. ನೀವು ಕುಡೀರಿ, ನಾ ನೋಡ್ತೇನಿ" ಎಂದರು.

ಗಂಡ, ಪಕ್ಕದ ಮನೆಯಾತ, ಆತನ ಹೆಂಡತಿ, ಕೂಸು, ನಾನು, ಎಲ್ಲರೂ ಗಾಣದ ಸುತ್ತ ನಿಂತು ಕುಡಿದೆವು. ಅತ್ತೆ ಕಿಟಕಿಗೆ ಮೊಣಕೈ ಊರಿ, ಒಬ್ಬೊಬ್ಬರ ಗ್ಲಾಸು ಖಾಲಿಯಾಗುವುದನ್ನೂ ನೋಡುತ್ತ, ಶುಂಠಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳುತ್ತ ಕೂತಿದ್ದರು. ಕೂಸಿನ ತುಟಿಯ ಮೇಲೆ ನೊರೆ ಮೆತ್ತಿತ್ತು. ಅದನ್ನು ಹತ್ತಿರ ಕರೆದು ಸೆರಗಿನಿಂದ ಒರೆಸಿ, "ಇನ್ನೊಂದ್ ಗ್ಲಾಸ್ ಕೊಡ್ರಿ ಇದಕ್ಕ" ಎಂದು ಗಾಣದವನಿಗೆ ಕೂಗಿ ಹೇಳಿದರು.